ಕೌಂಟರಿನ ಮೈಕು

ನನ್ನ ನಾದಿನಿಗೆ ‘ಮೈಕು’ ಎಂದು ಹೆಸರಿಟ್ಟವರು ನಮ್ಮ ಯಜಮಾನರೇ. ಒಡಹುಟ್ಟಿದ ತಂಗಿಗೆ ಇಡುವ ಹೆಸರೇ ಅದು? ಆದರೆ ಅವಳು ಅಡುಗೆಮನೆಯಲ್ಲಿ ಗುಟ್ಟು ಹೇಳಿದರೆ ಬೀದಿಯಲ್ಲಿ ಹೋಗುವವರು ನಿಂತು ಕೇಳುತ್ತಿದ್ದರು. ಯಜಮಾನರು ತೀರಿಹೋದ ಮೇಲೂ ಹೆಸರು ಉಳಿಯಿತು.

ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ಬರೆದು ಒಬ್ಬೊಬ್ಬರನ್ನೇ ಒಳಗೆ ಕಳಿಸುವ ಕೌಂಟರು ಅವಳದು. “ಮೂಲವ್ಯಾಧಿ ಮೇಷ್ಟ್ರೇ, ಬನ್ನಿ!” ಎಂದು ಕೂಗಿದರೆ ಪಾಪ, ಮೇಷ್ಟ್ರು ತಲೆ ತಗ್ಗಿಸಿಕೊಂಡು ಏಳಬೇಕು. ಅವಳಲ್ಲಿ ಕೆಟ್ಟ ಬುದ್ಧಿಯಿರಲಿಲ್ಲ; ಎಲ್ಲರೂ ತನ್ನವರೆಂಬ ಸಲಿಗೆ, ಅಷ್ಟೆ.

ಅಷ್ಟರಲ್ಲಿ ರಾಜ್ಯದ ಇನ್ನೊಂದು ಆಸ್ಪತ್ರೆಯ ಕಂಪ್ಯೂಟರಿಗೆ ಕಳ್ಳರು ನುಗ್ಗಿ ರೋಗಿಗಳ ವಿವರವನ್ನೆಲ್ಲ ಕದ್ದರು. ಸರ್ಕಾರ ಹೊಸ ಕಾನೂನು ತಂದಿತು: ಒಬ್ಬರ ಕಾಯಿಲೆ ಇನ್ನೊಬ್ಬರಿಗೆ ತಿಳಿಯಕೂಡದು, ಕಂಪ್ಯೂಟರಿನಿಂದಲೂ ಬಾಯಿಂದಲೂ. ದೊಡ್ಡ ಡಾಕ್ಟರು ಮೈಕನ್ನು ಕರೆದು, “ನೋಡಿಮ್ಮ, ಇನ್ನೊಂದ್ಸಲ ಕಾಯಿಲೆ ಕೂಗಿದ್ರೆ ಹಿಂದಿನ ಕೋಣೆಗೆ ಹಾಕ್ಬಿಡ್ತೀನಿ. ಹಳೇ ಫೈಲುಗಳ ಜೊತೆ ಮಾತಾಡ್ಕೊಂಡಿರಿ,” ಎಂದರು.

ಮನೆಗೆ ಬಂದವಳು ಮುಖ ಊದಿಸಿ ಕೂತಳು. “ಅತ್ತಿಗೆ, ಜನರ ಮುಖ ನೋಡ್ದೆ ನಾನು ಬದುಕ್ತೀನಾ?”

“ಬಾಯಿಗೆ ಬೀಗ ಹಾಕ್ಕೊಳ್ಳೇ.”

“ಹಾಕ್ಕೋತೀನಿ. ಕೀಲಿ ನಿಮ್ಹತ್ರಾನೇ ಇರ್ಲಿ.”

ಮುಂದಿನ ವಾರ ಕಣ್ಣಿನ ಔಷಧಿಗೆಂದು ಹೋದೆ. “ಹಸಿರು ಕೊಡೆ ಬನ್ನಿ! ಚೌಕಳಿ ಶರ್ಟು ಬನ್ನಿ!” ಮೈಕು ಕಂಡದ್ದನ್ನೇ ಹೆಸರು ಮಾಡಿಕೊಂಡಿದ್ದಳು. ದೊಡ್ಡ ಡಾಕ್ಟರು ಕಾಫಿ ಲೋಟ ಹಿಡಿದು ಅವಳ ಬೆನ್ನ ಹಿಂದೆಯೇ ಕಿವಿಗೊಟ್ಟು ನಿಂತಿದ್ದರು. ಅವಳಿಗದು ಗೊತ್ತಿಲ್ಲ. ಆಗ ಕೌಂಟರಿನ ಫೋನು ಬಡಿದುಕೊಂಡಿತು.

ಫೋನಿನಲ್ಲಿ ಕೇಳಿದ್ದನ್ನೆಲ್ಲ ತಿರುಗಿ ಕೂಗುವುದು ಅವಳ ಅಭ್ಯಾಸ. “ಏನು? ದೊಡ್ಡ ಡಾಕ್ಟರು ಮಾತಾಡೋದಾ? ಕಂಪ್ಯೂಟರಿನ ಪಾಸ್‌ವರ್ಡು ಬೇಕಾ? ಅರ್ಜೆಂಟಾ ಸರ್?”

ಬೆಂಚಿನ ಮೇಲಿದ್ದ ಅಷ್ಟೂ ಜನ ದೊಡ್ಡ ಡಾಕ್ಟರ ಕಡೆ ತಿರುಗಿದರು. ಎಲ್ಲರೂ ಎತ್ತ ನೋಡುತ್ತಿದ್ದಾರೆಂದು ಮೈಕೂ ತಿರುಗಿದಳು.

“ಅಯ್ಯೋ ಸರ್, ನೀವಿಲ್ಲಿದ್ದೀರಿ! ಮತ್ತೆ ಇವ್ನ್ಯಾವನು?” ಕೇಳಿದ್ದೇ ತಡ, ಫೋನಿಗೆ ಬಾಯಿಟ್ಟಳು. “ಲೋ ಕಳ್ಳ! ಪಾಸ್‌ವರ್ಡು ಬೇಕೇನೋ ನಿಂಗೆ? ಬಾರೋ ಇಲ್ಲಿಗೆ, ನಿನ್ನ ಕಾಯಿಲೆ ಒಂದನ್ನ ಮಾತ್ರ ಊರಿಗೆಲ್ಲ ಕೇಳೋ ಹಾಗೆ ಕೂಗ್ತೀನಿ!”

ಅತ್ತ ಫೋನು ಕಟ್ಟಾಯಿತು. ಇತ್ತ ನಗು ನಿಲ್ಲಲೇ ಇಲ್ಲ. ಮೂಲವ್ಯಾಧಿ ಮೇಷ್ಟ್ರಂತೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ದೊಡ್ಡ ಡಾಕ್ಟರು ಕೋಟಿನ ಮೇಲೆ ಚೆಲ್ಲಿದ ಕಾಫಿ ಒರೆಸಿಕೊಳ್ಳುತ್ತ, “ನೀವು ಇಲ್ಲೇ ಇರಿಮ್ಮ. ಕಳ್ಳರಿಗೆ ಕೂಗಿ, ಕಾಯಿಲೆಯವ್ರ ಹತ್ರ ಪಿಸುಗುಟ್ಟಿ,” ಎಂದು, ಉಳಿದ ಆಸ್ಪತ್ರೆಗಳಿಗೆ ಎಚ್ಚರಿಕೆ ಹೇಳಲು ಒಳಗೆ ಓಡಿದರು.

“ನೀಲಿ ಚೀಲ ಬನ್ನಿ!” ನಾನೇ ಅದು. ಹೋದೆ. ಮೈಕು ನನ್ನ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದಳು: “ಅತ್ತಿಗೆ, ಸಾಯಂಕಾಲ ಕೀಲಿ ಕೊಡ್ಬೇಕು. ತುಂಬ ಮಾತಾಡೋದಿದೆ.”

ಕೊನೆಯ ಬೆಂಚಿನವರೂ ನಕ್ಕರು.