ಗಾಲಿಮನಿಗೆ ಹೊಸಾ ರಬ್ಬರು

ನಮ್ಮ ವ್ಯಾನಿಗೆ ಓಣಿ ಮಂದಿ ಗಾಲಿಮನಿ ಅಂತ ಹೆಸರಿಟ್ಟಿದ್ರು. ಹೊಗಳಿ ಇಟ್ಟದ್ದಲ್ಲ, ಚ್ಯಾಷ್ಟಿಗೆ ಇಟ್ಟದ್ದು. ರಾಣೆಬೆನ್ನೂರಾಗ ಬೀಜದ ಅಂಗಡಿ ನಡೆಸಿಕೊಂಡು ತೆಪ್ಪಗ ಇರೂದು ಬಿಟ್ಟು, ನಾನು ಯಾರೋ ಬ್ಯಾಸರಾಗಿ ಮಾರಿದ ಹಳೇ ವ್ಯಾನ್ ತಂದಿದ್ದೆ. ಒಳಗ ಹಲಿಗಿ ಬಡದು ಮಲಗೂ ಜಾಗಾ ಮಾಡಿ, ಮೂಲ್ಯಾಗ ಸ್ಟೋ ಇಟ್ಟು, ಹೆಂಡತಿ ಹಳೇ ಸೀರಿ ಹರದು ಪರದೆ ಕಟ್ಟಿದ್ದೆ. ಪುರಸೊತ್ತು ಸಿಕ್ಕಾಗ ಅವ್ವ, ಹೆಂಡತಿ ಇಬ್ಬರನ್ನೂ ಕರಕೊಂಡು ಟೂರು ಹೊಡೀತಿದ್ದೆ. ಎಲ್ಲಿ ಮನಸ್ಸು ಬಂತೋ ಅಲ್ಲಿ ನಿಲ್ಲಿಸೂದು, ಅವಲಕ್ಕಿ ಕಲಸೂದು, ಮಲಗೂದು. ಅದೇನು ಸುಖಾ ಅಂತೀರಿ! ನಗೂವ್ರು ನಕ್ಕೋತ ಇರ್ಲಿ.

ಆದ್ರ ಗಾಡಿಗೆ ವಯಸ್ಸಾಗಿತ್ತು. ಕಿಟಕಿ ಗಾಜಿನ ಸುತ್ತ ಇರೂ ಕರೇ ರಬ್ಬರು ಒಣಗಿ ಬಿರಿದು, ಉಗುರು ತಾಗಿಸಿದ್ರ ಪುಡಿಪುಡಿ ಉದುರತಿತ್ತು. ಮಳಿ ಬಂದ್ರ ನೀರು, ಬಿಸಿಲಿದ್ರ ಧೂಳು. ಆಗ ಹೈವೇನೂ ನಾಕು ಲೇನ್ ಮಾಡಾಕ ಅಗದು ಹಾಕಿದ್ರು. ಹಾವೇರಿಗೆ ಹೋಗಿ ಬಂದ್ರ ಮೀಸಿ ಸೈತ ಕೆಂಪಗಾಗತಿತ್ತು. ನಡೀತೈತಿ ಬಿಡು ಅಂತ ನಾನೂ ಸುಮ್ಮನಿದ್ದೆ.

ಸುಮ್ಮನಿರಾಕ ಬಿಡಲಿಲ್ಲ, ಬ್ಯಾಡಗಿಯಿಂದ ಬಂದ ಒಂದು ಫೋನು.

ಬ್ಯಾಡಗಿ ಅವ್ವನ ತವರು. ಅವ್ವನ ಅಣ್ಣ, ಅಂದ್ರ ನಮ್ಮ ಮಾಮಾ, ಅಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡ್ತಿದ್ದ. ಅವನ ಮಗಗ ಎರಡನೇ ಕೂಸು ಹುಟ್ಟಿತ್ತು, ತೊಟ್ಟಿಲಿಗೆ ಹಾಕೂ ಕಾರ್ಯ ಇಟ್ಟುಕೊಂಡಿದ್ರು. ನಮ್ಮ ಕಡೆ ಕೂಸಿನ ಕಿವ್ಯಾಗ ಹೆಸರು ಹೇಳೂದು ಸ್ವಾದರತ್ತಿ, ಕೂಸಿನ ಅಪ್ಪನ ಅಕ್ಕನೋ ತಂಗಿನೋ. ಮಾಮಾಗ ಹೆಣ್ಣುಮಕ್ಕಳಿಲ್ಲ, ಹಿಂಗಾಗಿ ಆ ಮನ್ಯಾಗ ಸ್ವಾದರತ್ತಿ ಮಾನ ಅವ್ವಂದ. ಆದ್ರ ಅವ್ವಗ ದಮ್ಮು. ಸುಗ್ಗ್ಯಾಗ ಬ್ಯಾಡಗಿ ಅಂದ್ರ ಗಾಳೀನ ಖಾರ. ಮೊದಲನೇ ಕೂಸಿನ ಕಾರ್ಯಕ್ಕ ಬಸ್ಸಿನಾಗ ಹೊಂಟಾಕಿ, ಊರು ಹತ್ತರ ಬರೂದರಾಗ ಉಸಿರು ಸಿಗವಲ್ದು ಅಂತ ಅರ್ಧಕ್ಕ ಇಳಿದು ಬಂದಿದ್ಲು. ಹೆಸರು ಬಾಜೂ ಮನಿಯಾಕಿ ಇಟ್ಟಳು. ಆವತ್ತಿನಿಂದ ಆ ಹುಡುಗನ ಹೆಸರು ಅವ್ವನ ಬಾಯಾಗ ಒಮ್ಮಿನೂ ಬಂದಿಲ್ಲ. "ನಮ್ಮ ಸಣ್ಣಾಂವ" ಅಂತಿದ್ಲು, ಅಷ್ಟ.

ಫೋನಿಟ್ಟು ಅವ್ವ ಅಂದ್ಲು, "ಈ ಸಲಾನೂ ಬಾಜೂದಾಕೀನ ಇಡ್ತಾಳ ತಗೋ. ನಂದೇನೈತಿ."

ನನಗ ಸಿಟ್ಟು ಲಗೂ ಬರ್ತೈತಿ. "ಹೆಂಗ ಇಡ್ತಾಳ ನಾನೂ ನೋಡ್ತೇನಿ" ಅಂದೆ. ಗಾಡಿಗೆ ಹೊಸಾ ರಬ್ಬರು ಹಾಕಿ, ಒಂದು ಎಳಿ ಗಾಳಿ ಒಳಗ ಬರದಂಗ ಮಾಡಿ, ಅವ್ವನ್ನ ಪೆಟ್ಟಿಗ್ಯಾಗ ಇಟ್ಟಂಗ ಬ್ಯಾಡಗಿಗೆ ಒಯ್ಯೂದು ಅಂತ ಹಟಕ್ಕ ಬಿದ್ದೆ.

ರಬ್ಬರು ಹಾವೇರ್‍ಯಾಗ ಸಿಕ್ತು. ಹಳೇದನ್ನ ಸ್ಕ್ರೂಡ್ರೈವರ್ ಹಾಕಿ ಕಿತ್ತು, ಗಾಜು ಇಳಿಸಿ, ಚೌಕಟ್ಟಿನ ಸಂದಿ ಉಜ್ಜಿ ತೊಳದೆ. ಇನ್ನ ಕೂಡಸೂದು ಒಬ್ಬರ ಕೈಯಾಗಿನ ಕೆಲಸಲ್ಲ. ರಬ್ಬರನ್ನ ಗಾಜಿನ ಸುತ್ತ ಏರಿಸಿ, ಅದರ ಹೊರಗಿನ ಸಂದ್ಯಾಗ ಒಂದು ಹುರಿ ಸುತ್ತಿ, ಸಬ್ಬಕಾರದ ನೀರು ಸವರಬೇಕು. ಆಮ್ಯಾಲ ಹೊರಗಿನಿಂದ ಒಬ್ಬರು ಗಾಜು ಒತ್ತತಿದ್ರ ಒಳಗಿನಿಂದ ಒಬ್ಬರು ಹುರಿ ಎಳೀಬೇಕು. ಎಳದಂಗ ರಬ್ಬರಿನ ತುಟಿ ತಗಡಿನ ಮ್ಯಾಲ ಹೊಳ್ಳಿ ಕೂಡ್ರತೈತಿ. ನಾನು ತಂದ ಹುರಿ ಹರೀತು. ಹೆಂಡತಿ ಒಳಗ ಹೋಗಿ ತನ್ನ ಪರಕಾರದ ಲಾಡಿ ತಂದ್ಲು.

"ಮಂದಿ ಮುಂದ ಹೇಳಿಗೀಳೀರಿ ಮತ್ತ" ಅಂದ್ಲು. ಹೇಳಿಲ್ಲ, ಈಗ ಬರೀಲಿಕತ್ತೇನಿ.

ಆಕಿ ಒಳಗ, ನಾನು ಹೊರಗ. "ಒತ್ರಿ, ತಳಕ್ಕ ಒತ್ರಿ, ಊಟ ಮಾಡಿಲ್ಲೇನು?" ಅಂತ ಆಕಿ, "ಹೌರಗ ಎಳಿಯ ಮಾರಾಯ್ತಿ, ಬಾವಿ ಹಗ್ಗಲ್ಲದು" ಅಂತ ನಾನು. ಹಿಂಗ ಬೈದಾಡಿಕೋತ ಎಲ್ಲಾ ಗಾಜು ಕೂಡಿಸಿದ್ವಿ. ಬಾಗಿಲದ ರಬ್ಬರು, ಮುಂದಿನ ಏರಿಸಿ ಇಳಿಸೂ ಗಾಜಿನ ರಬ್ಬರು ಯಾವುದನ್ನೂ ಬಿಡಲಿಲ್ಲ. ಲಗ್ನಾದ ಮ್ಯಾಲ ನಾವಿಬ್ಬರೂ ಕೂಡಿ ಅಷ್ಟು ನಕ್ಕದ್ದು ಆವತ್ತ.

ಗಟ್ಟಿ ಕೂತೈತೋ ಇಲ್ಲೋ ನೋಡಾಕ ಅವ್ವನೇ ಉಪಾಯ ಹೇಳಿದ್ಲು: ಹಂಚಿನಾಗ ಕೆಂಡ ಹಾಕಿ, ಮ್ಯಾಲ ಒಣಮೆಣಸಿನಕಾಯಿ ಒಗದು, ಗಾಡಿ ಸುತ್ತ ಹೊಗಿ ಹಿಡೀರಿ. ಒಳಗ ಕುಂತಾಂವ ಕೆಮ್ಮಿದ್ರ ಎಲ್ಲೋ ಸಂದಿ ಐತಿ ಅಂತ ತಿಳೀರಿ. ಹೇಳಿದಾಕಿ ತಾನು ಮನಿ ಬಾಗಿಲಾ ಹಾಕಿಕೊಂಡು ಒಳಗ ಕುಂತ್ಲು. ನಾನು ಗಾಡಿ ಗಾಜು ಏರಿಸಿ ಒಳಗ ಕುಂತೆ. ಹೆಂಡತಿ ಹಂಚು ಹಿಡಕೊಂಡು ಸುತ್ತು ಹಾಕಾಕತ್ಲು. ಎದುರು ಮನಿಯಾಕಿ ಗಾಡಿಗೆ ದೃಷ್ಟಿ ತಗಿಯಾಕತ್ತಾರಂತ ತಿಳದು, ತಾನೂ ಒಂದು ಹಿಡಿ ಉಪ್ಪು ತಂದು ಕೆಂಡಕ್ಕ ಒಗದು ಹೋದ್ಲಂತ. ಹೆಂಡತಿ ಕೆಮ್ಮಿ ಕೆಮ್ಮಿ, ಕಣ್ಣಾಗ ನೀರು ಹಾಕಿ, ಗಾಜಿನ ಆಚಿಂದ ನನಗ ಏನೋ ಅನ್ನಾಕತ್ತಿದ್ಲು. ಬಾಯಿ ಆಡೂದು ಕಾಣತಿತ್ತು, ಒಂದು ಶಬ್ದ ಕೇಳಲಿಲ್ಲ. ನನಗ ಒಂದು ಕೆಮ್ಮೂ ಬರಲಿಲ್ಲ. ಆವಾಗ ಏನಂತ ಬೈದಳೋ, ಇವತ್ತಿಗೂ ಹೇಳಿಲ್ಲ.

ಕಾರ್ಯದ ದಿನ ಅವ್ವ ಹಸರು ಇಳಕಲ್ ಸೀರಿ ಉಟ್ಟು ಹಲಗಿ ಮ್ಯಾಲ ಕುಂತ್ಲು. ಮೋಟೆಬೆನ್ನೂರಾಗ ಹೊಳ್ಳಿ ಬ್ಯಾಡಗಿ ದಾರಿ ಹಿಡದ್ವಿ. ಪ್ಯಾಟಿ ಹತ್ತರ ಬರತಿದ್ದಂಗ ರಸ್ತಾದಾಗಿನ ಮಂದಿ ಮೂಗಿಗೆ ವಸ್ತ್ರ ಹಿಡದು ಸೀನಾಕತ್ತಿದ್ರು. ಕನ್ನಡಿಯಾಗ ಅವ್ವನ್ನ ನೋಡಿದೆ. ಆರಾಮ ಕುಂತಿದ್ಲು, "ಅಗಾ, ನಾ ಕಲತ ಸಾಲಿ" ಅಂತ ಸೊಸಿಗೆ ಬೆರಳು ಮಾಡಿ ತೋರಸಾಕತ್ತಿದ್ಲು. ನನಗ ಕುಣಿಯೂವಷ್ಟು ಖುಷಿ ಆತು.

ಮಾಮಾನ ಮನಿ ಮುಂದ ಗಾಡಿ ನಿಂತಿತು. ಅವ್ವ ಇಳದು, ಕಾಲು ತೊಳಕೊಂಡು, ಹೊಸ್ತಿಲ ದಾಟಿದ್ಲೋ ಇಲ್ಲೋ, ದಮ್ಮು ಹಿಡೀತು.

ಅಯ್ಯೋ ನಮ್ಮ ಶಾಣ್ಯಾತನಕ್ಕಿಷ್ಟು! ಗಾಡಿಗೆ ರಬ್ಬರು ಹಾಕಿದ್ವಿ, ಮಾಮಾನ ಮನಿಗೆ ಯಾರು ಹಾಕಿದ್ರು? ಹಿತ್ತಲದಾಗ ಮೆಣಸಿನಕಾಯಿ ರಾಶಿ, ಪಡಸಾಲ್ಯಾಗ ಚೀಲ. ಅಲ್ಲಿ ಮಂದಿಗೆ ಆ ಘಾಟು ಗೊತ್ತ ಆಗೂದಿಲ್ಲ; ನಮಗರ ನೆನಪಾಗಬೇಕಿತ್ತು. ಕಿಟಕಿ ಕಿಟಕಿ ಅಂತ ಎಲ್ಲಾರೂ ಕಿಟಕಿಯೊಳಗ ಮುಳುಗಿದ್ವಿ. ಅವ್ವನ್ನ ಹಿಡಕೊಂಡು ತಿರುಗಿ ಗಾಡ್ಯಾಗ ಕುಂಡರಿಸಿ, ಬಾಯಿಗೆ ದಮ್ಮಿನ ಪಂಪು ಹಿಡದು ಮದ್ದು ಎಳಸಿ, ಬಾಗಿಲಾ ಹಾಕಿದೆ. ಉಸಿರು ಸಲೀಸಾದ ಮ್ಯಾಲ ಅಳಾಕತ್ಲು. "ಬಾಜೂದಾಕೀನ್ನ ಕರೀರಿ. ನನ್ನ ಹಣ್ಯಾಗ ಬರದಿಲ್ಲ."

ಆಗ ಮಾತಾಡಿದಾಕಿ ನನ್ನ ಹೆಂಡತಿ. "ಅತ್ತಿ, ನೀವು ಇಳೀಬ್ಯಾಡ್ರಿ. ಕೂಸನ್ನ ಇಲ್ಲೇ ತರೋಣು."

ಹಿರೇ ಹೆಣ್ಣುಮಕ್ಕಳು ಸುಮ್ಮನಿರತಾರೇನು? ತೊಟ್ಟಿಲು ಮನ್ಯಾಗ ಕಟ್ಟೂದು ಪದ್ಧತಿ, ಗಾಡ್ಯಾಗಂತ ಎಲ್ಲ್ಯರ ಉಂಟೇನು ಅಂತ ಗದ್ದಲ ಎಬ್ಬಿಸಿದ್ರು. ಮಾಮಾ ತಲಿ ಮ್ಯಾಲಿನ ಪಟಗಾ ಸರಿ ಮಾಡಿಕೊಂಡು ಗಾಡಿ ಸುತ್ತ ಒಂದು ಸಲ ನೋಡಿದ.

"ಇದಕ್ಕ ಏನಂತಾರೋ ನಿಮ್ಮ ಊರಾಗ?"

"ಗಾಲಿಮನಿ ಅಂತಾರ, ಮಾಮಾ."

"ಮನಿ ಹೌದಲ್ಲ, ಮುಗೀತು. ನನ್ನ ತಂಗಿ ಎಲ್ಲಿ ಕುಂತಾಳೋ ಅಲ್ಲೇ ತೊಟ್ಟಿಲು."

ಪರದೆ ಕಟ್ಟಿದ್ದ ಸಲಾಕಿಗೆ ಸೀರಿ ಜೋಳಗಿ ಕಟ್ಟಿದ್ವಿ. ಕೂಸು, ಬಾಣಂತಿ, ಹಿಡಿಸೂವಷ್ಟು ಹೆಣ್ಣುಮಕ್ಕಳು ಒಳಗ ಹೊಕ್ಕರು. ನಾನು ಮುಂದಿನ ಸೀಟಿಗೆ ಹತ್ತಿ ಬಾಗಿಲಾ ಮುಚ್ಚಿದೆ. ಹೊರಗಿನ ಬ್ಯಾಡಗಿ ಎಲ್ಲಾ ಹೊರಗ ಉಳೀತು. ಅವ್ವ ಬಗ್ಗಿ ಕೂಸಿನ ಕಿವಿಗೆ ಬಾಯಿ ಹಚ್ಚಿ, ಹೆಸರಿಗಿಂತ ಮೊದಲು ಕೂಗೂವಂಗ, "ಕುರ್‍ರ್‌ರ್‌" ಅಂತ ಉದ್ದಕ ಎಳದ್ಲು. ನನ್ನ ಜೀವ ಕೈಯಾಗಿತ್ತು. ನಡುವ ಎಲ್ಲೂ ಉಸಿರು ಹರೀಲಿಲ್ಲ. ಹೆಸರು ಹೇಳಿದ್ಲು. ಕೂಡಲೇ ಹೆಣ್ಣುಮಕ್ಕಳು ಪದ್ಧತಿ ಪ್ರಕಾರ ಆಕಿ ಬೆನ್ನಿಗೆ ಗುದ್ದಾಕತ್ರು. "ಹೌರಗ್ರಿ, ಹೌರಗ" ಅಂತ ನಾನು ಒದರಿದ್ರ, ಅವ್ವ ತಿರುಗಿ ನನ್ನನ್ನ ಬೈದ್ಲು: "ನೀ ಸುಮ್ಮನಿರೋ! ಗುದ್ರೆವ್ವಾ, ಗಟ್ಟಿಗೆ ಗುದ್ರಿ. ಹೋದ ಸಲದ್ದೂ ಸೇರಿಸಿ ಗುದ್ರಿ."

ಎಲ್ಲಾರೂ ಊಟಕ್ಕ ಒಳಗ ಹೋದ್ರು. ಅವ್ವ ಮುಂದಿನ ಸೀಟಿಗೆ ಬಂದು ಕುಂತಿದ್ಲು, ನಾನು ಬಾಜೂಕ. ಮಾಮಾ ತಾಟಿನಾಗ ಗುಗ್ಗರಿ, ಹೋಳಗಿ ಹಿಡಕೊಂಡು ಬಂದು ಗಾಜಿನ ಆಚಿ ನಿಂತ. ಏನೋ ಅಂದ, ಕೇಳಲಿಲ್ಲ. ಅವ್ವ ಏನೋ ಅಂದ್ಲು, ಅವಗೂ ಕೇಳಲಿಲ್ಲ. ನಾ ಅಷ್ಟು ಗಟ್ಟಿ ಕೂಡಿಸಿದ್ದೆ.

ಅವ್ವ ಗಾಜು ಇಳಿಸೂ ಹ್ಯಾಂಡಲ್ ತಿರುವಾಕತ್ಲು.

"ಅವ್ವಾ, ಬ್ಯಾಡ, ದಮ್ಮು ಬರ್ತೈತಿ!"

"ಬರ್ಲಿ ಬಿಡೋ. ಹೆಸರಿಟ್ಟಾತಲ್ಲ" ಅಂದ್ಲು.

ಗಾಜು ಇಳೀತು. ಅವ್ವ ಜೋರಾಗಿ ಒಂದು ಸೀನು ಸೀನಿ, ಸೆರಗಿಲೆ ಮೂಗು ಒರಸಿಕೊಂಡು, ಕೈ ಹೊರಗ ಚಾಚಿ ಅಣ್ಣನ ಕೈ ಹಿಡಕೊಂಡ್ಲು.

"ಈಗ ನೋಡಣ್ಣಾ" ಅಂದ್ಲು, "ಈಗ ತವರಿಗೆ ಬಂದೆ."