ಕೆಂಚವ್ವನ ಹಣೆಗೆ ಕುಂಕುಮ

ಮೈದಾ ಅಂಟು ಕುದಿಯುತ್ತಿದೆ. ಹುಳು ಹಿಡಿಯದಿರಲೆಂದು ರಂಗಲಕ್ಷ್ಮಮ್ಮ ಅದಕ್ಕೆ ಚಿಟಿಕೆ ಮೈಲುತುತ್ತ ಹಾಕಿ ತಿರುವುತ್ತಾರೆ. ಗುಬ್ಬಿಯ ಈ ಓಣಿಗೆ ಇನ್ನೂ ಬೆಳಕು ಸರಿಯಾಗಿ ಇಳಿದಿಲ್ಲ. ನಡುಮನೆಯಲ್ಲಿ ನಲವತ್ತು ರಟ್ಟಿನ ಆಲ್ಬಮ್ಮುಗಳು ಸಾಲಾಗಿ ಒಣಗುತ್ತಿವೆ. ಒಂದೊಂದರಲ್ಲೂ ಮೂರು ಗ್ರಾಮಫೋನ್ ಪ್ಲೇಟು ಕೂರಬೇಕು. ಒಂದೇ ನಾಟಕದ ಆರು ಹಾಡು.

ನಾಟಕದ ನಾಯಕಿ ಕೆಂಚವ್ವ. ಕೆರೆಯ ತೂಬು ಕಾಯುತ್ತಿದ್ದ ಗಂಡ ಸತ್ತ ಮೇಲೆ, ಊರನ್ನೆಲ್ಲ ಎದುರು ಹಾಕಿಕೊಂಡು ಆ ಕೆಲಸಕ್ಕೆ ತಾನೇ ನಿಂತವಳು. ಕುಣಿಗಲ್ಲಿನ ಟೆಂಟಿನಲ್ಲಿ ರಂಗಲಕ್ಷ್ಮಮ್ಮ ಅದನ್ನು ಎರಡು ಸಲ ನೋಡಿದ್ದಾರೆ. ಅದಕ್ಕೇ ಅವರ ಆಲ್ಬಮ್ಮಿಗೆ ಗುಂಡಿಯಿಲ್ಲ, ದಾರವಿಲ್ಲ. ಪಕ್ಕದ ಬಿದಿರುಕಡ್ಡಿಯನ್ನು ತೂಬಿನಂತೆ ಮೇಲಕ್ಕೆಳೆದರೆ ರಟ್ಟು ತೆರೆದುಕೊಳ್ಳುತ್ತದೆ. ಮೇಲೆ ಮರದ ಅಚ್ಚಿನಿಂದ ಒತ್ತಿದ ಕೆಂಚವ್ವನ ಮುಖ. ಹಣೆ ಬರಿದು.

ತಕರಾರು ಆ ಹಣೆಯದೇ. ತುಮಕೂರಿನ ಪ್ಲೇಟಿನಂಗಡಿಯ ಹೊನ್ನಯ್ಯ ಮೊದಲ ಬಸ್ಸಿಗೇ ಬಂದಿಳಿದಿದ್ದಾರೆ.

“ಕುಂಕುಮ ಎಲ್ಲಿ ಅಮ್ಮಾ?”

“ಅವಳ ಗಂಡ ಮೊದಲ್ನೇ ಪ್ಲೇಟಲ್ಲೇ ಸತ್ತೋಗ್ತಾನಲ್ರೀ.”

“ಸಾಯ್ಲಿ ಬುಡಿ. ಕುಂಕುಮ ಇಲ್ದೋಳ ಮುಖಾನ ಯಾರು ಮನೇಲಿಟ್ಕೋತಾರೆ? ಶುಕ್ರವಾರ ಅಂಗಡಿ ಮುಂದೆ ಇಟ್ರೆ ಬೋಣಿ ಆಗಕಿಲ್ಲ.”

“ನೀವು ನಾಟಕ ನೋಡಿದೀರಾ?”

“ಹಾಡು ಕೇಳಿದೀನಿ. ಮೂರನೇ ಪ್ಲೇಟು ಬರೀ ಅಳು. ಅದನ್ನ ಯಾರೂ ಹಾಕಲ್ಲ.”

ಸಂಜೆಯೊಳಗೆ ಕುಂಕುಮ ಬರದಿದ್ದರೆ ಮುಂದಿನ ನಾಟಕದ ಕೆಲಸ ಬೆಂಗಳೂರಿನ ಪ್ರೆಸ್ಸಿಗೆ ಎಂದು ಹೇಳಿ ಅವರು ಕಾಫಿಯನ್ನೂ ಕುಡಿಯದೆ ಹೊರಡುತ್ತಾರೆ.

ರಂಗಲಕ್ಷ್ಮಮ್ಮನ ಗಂಡ ಕಚೇರಿಗಳ ಪುಸ್ತಕ ಬೈಂಡು ಮಾಡುತ್ತಿದ್ದವರು. ಅವರು ಹೋಗಿ ಹನ್ನೊಂದು ವರ್ಷ. “ರಟ್ಟು ಕುಯ್ಯೋದು ಅವ್ರು ಕಲ್ಸಿದ್ರು. ಅಚ್ಚು ಕೆತ್ತೋದು ಬೆರಳು ಕುಯ್ಕೊಂಡು ಕುಯ್ಕೊಂಡು ಬಂತು,” ಎಂದು ಕೆಲಸ ನೋಡಲು ಬಂದು ಕೂತಿರುವ ನನಗೆ ಹೇಳುತ್ತಾರೆ. ಬಿಸಿಲಿದ್ದರೆ ದಿನಕ್ಕೆ ನಾಲ್ಕು ಆಲ್ಬಮ್ಮು, ಈ ಐವತ್ತೆಂಟನೇ ಇಸವಿಯ ಶ್ರಾವಣದ ಮೋಡದಲ್ಲಿ ಎರಡೇ. ಕೆಂಚವ್ವನ ಮುಖಕ್ಕೆಂದೇ ಐದು ಅಚ್ಚು ಕೆತ್ತಿ ಒಲೆಗೆ ಹಾಕಿದ್ದಾರೆ. ಆರನೆಯದರಲ್ಲಿ ಮುಖ ಸಿಕ್ಕಿತು.

ಓರಗಿತ್ತಿ ಸಿದ್ದಗಂಗಮ್ಮ ಅಡುಗೆಮನೆಯಿಂದ ಇಣುಕುತ್ತಾರೆ. “ಹಬ್ಬದ ದಿನ ಕುಂಕುಮದ ಭರಣಿ ಮುಟ್ಟಂಗಿಲ್ಲ ನೀನು. ಇವತ್ತು ನೋಡು, ನಲವತ್ತು ಹಣೆಗೆ ಇಡ್ಬೇಕಂತೆ.”

“ನೀವೇ ಇಟ್ಬಿಡಿ ಅಕ್ಕಾ. ಮುತ್ತೈದೆ ಕೈ.”

“ನಂಗೆ ಕೈ ನಡುಗ್ತದೆ ಕಣೇ. ಮೂಗಿನ ಮೇಲೆ ಬಿದ್ರೆ ಹೊನ್ನಯ್ಯ ಅದಕ್ಕೊಂದು ಶಾಸ್ತ್ರ ತೆಗೀತಾನೆ.”

ರಂಗಲಕ್ಷ್ಮಮ್ಮನಿಗೆ ನಗು ಬರುವುದಿಲ್ಲ. “ಆರು ಹಾಡಲ್ಲಿ ಐದನ್ನ ಅವ್ಳು ಬರೀ ಹಣೇಲೇ ಹಾಡ್ತಾಳೆ,” ಎಂದು ನನ್ನತ್ತ ತಿರುಗುತ್ತಾರೆ. “ಜನ ಕಾಸು ಕೊಟ್ಟು ನೋಡಿ, ಕಣ್ಣು ಒರೆಸ್ಕೊಂಡು ಬಂದವ್ರೆ. ರಟ್ಟಿನ ಮೇಲೆ ಬಂದ್ರೆ ಮಾತ್ರ ಅಪಶಕುನವಾ?”

ಆದರೂ ಕೆಂಪು ಬಣ್ಣ ಕಲಸುತ್ತಾರೆ. ಸಣ್ಣ ಕುಂಚ ಹಿಡಿದು ಕೂತರೆ ಮಧ್ಯಾಹ್ನದ ಹೊತ್ತಿಗೆ ನಲವತ್ತೂ ಹಣೆ ಮುಗಿಯುತ್ತದೆ. ಒಂದೂ ಓರೆಯಾಗಿಲ್ಲ.

ಇನ್ನು ಉಳಿದಿರುವುದು ಒಳಗೆ ಪ್ಲೇಟು ಕೂರಿಸುವ ಕಂದು ಕಾಗದದ ಜೇಬುಗಳನ್ನು ಅಂಟಿಸುವ ಕೆಲಸ. ಮೊದಲನೆಯದು, ಎರಡನೆಯದು ಸಲೀಸಾಗಿ ಕೂರುತ್ತವೆ. ಮೂರನೆಯದನ್ನು ಕೈಗೆತ್ತಿಕೊಂಡವರು ಅದನ್ನು ಅಂಟಿಸದೆ ನೆಲದ ಮೇಲೆ ಹರಡುತ್ತಾರೆ. ಆಮೇಲೆ ಅಚ್ಚನ್ನು ಎಳೆದುಕೊಂಡು, ಕಪ್ಪು ಮಸಿ ಹಚ್ಚಿ, ಯಾರೂ ಹೇಳದಿದ್ದರೂ ಆ ಕಾಗದದ ಮೇಲೆ ಒತ್ತುತ್ತಾರೆ. ಕೆಂಚವ್ವನ ಮುಖ ಮೂಡುತ್ತದೆ. ಕೆಂಪು ಬಣ್ಣದ ಕುಂಚ ಪಕ್ಕದಲ್ಲೇ ಒದ್ದೆಯಾಗಿದೆ. ಅದರತ್ತ ನೋಡದೆ ಜೇಬನ್ನು ಅಂಟಿಸಿ, ಮುಂದಿನ ಆಲ್ಬಮ್ಮು ತೆರೆಯುತ್ತಾರೆ.