ಏಳು ಗುಮಾನಿ, ಎಂಟು ಅಚ್ಚು

ಚಾಮರಾಜಪೇಟೆಯ ಶಿವರಂಜಿನಿ ಹಟಕ್ಕೆ ಬಿದ್ದರೆ ಮುಗಿಯಿತು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಹೇಳುತ್ತಿದ್ದವಳು ಆ ಕೆಲಸ ಬಿಟ್ಟು ಸುಲ್ತಾನ್‌ಪೇಟೆಗೆ, ಮದುವೆ ಕಾರ್ಡು ಅಚ್ಚು ಹಾಕುವ ಅಪ್ಪನ ಪ್ರೆಸ್ಸಿಗೆ ಬಂದು ಕೂತಳು. ನಿನ್ನ ಕಾರ್ಡು ಯಾವಾಗಮ್ಮ ಎಂದು ಕೆಣಕುವ ನೆಂಟರಿಗೆ, ಮೊದಲು ಮಿಷನ್ನು ಸರಿಹೋಗಲಿ ಎನ್ನುತ್ತಿದ್ದಳು. ಬಿಸಿ ಅಚ್ಚಿನಿಂದ ಚಿನ್ನದ ಬಣ್ಣದ ಫಾಯಿಲ್ ಒತ್ತುವ ಆ ಮಿಷನ್ನನ್ನು ತರಿಸಿದವಳೂ ಅವಳೇ. ಈಗ ಫಾಯಿಲ್ ಉದುರುತ್ತಿತ್ತು, ವಧೂವರರ ಹೆಸರೇ ಅರ್ಧ ಮಾಯ. ಇನ್ನೊಂದು ಆರ್ಡರ್ ವಾಪಸ್ಸು ಬಂದರೆ ಮಿಷನ್ನು ಮಾರುವುದೇ ಸೈ ಎಂದು ಅಪ್ಪ ನಂಜುಂಡಯ್ಯ ಹೇಳಿಯಾಗಿತ್ತು. ಅದು ಹೋದರೆ ಪ್ರೆಸ್ಸಿನಲ್ಲಿ ಅವಳ ಮಾತಿಗೂ ಬೆಲೆಯಿಲ್ಲ.

ನಂಜುಂಡಯ್ಯನವರದು ಹಳೇ ಕ್ರಮ. ಈ ವಾರ ಕಾಗದ ಬದಲಿಸಿದರೆ ಮುಂದಿನ ವಾರ ಫಾಯಿಲ್. ಹೀಗಾದರೆ ಮದುವೆ ಸೀಸನ್ನೇ ಮುಗಿಯುತ್ತದೆ ಎಂದು ಮಗಳು ಸಿಡುಕಿದಳು. ಅವಳ ಗುಮಾನಿ ಏಳರ ಮೇಲಿತ್ತು: ಕಾಗದ, ಲ್ಯಾಮಿನೇಶನ್, ಫಾಯಿಲ್, ಬಿಸಿ, ಒತ್ತಡ, ವೇಗ, ಇನ್ನೊಂದು. ಒಂದೊಂದನ್ನೂ ಎರಡು ಬಗೆಯಲ್ಲಿಟ್ಟು ಎಲ್ಲ ಜೋಡಣೆಯನ್ನೂ ನೋಡಲು ನೂರಿಪ್ಪತ್ತೆಂಟು ಸಲ ಒತ್ತಬೇಕು. ಎಂಟೇ ಸಾಕು ಎಂದಳು. ಪ್ರತಿ ಸಲವೂ ಹಲವನ್ನು ಒಟ್ಟಿಗೇ ಬದಲಿಸುವುದು. ಆದರೆ ಯಾವುದನ್ನೇ ತೆಗೆದುಕೊಂಡರೂ ನಾಲ್ಕರಲ್ಲಿ ಹೀಗೆ, ನಾಲ್ಕರಲ್ಲಿ ಹಾಗೆ ಇದ್ದು, ಮಿಕ್ಕವೆಲ್ಲ ಎರಡೂ ಕಡೆ ಸಮನಾಗಿ ಹಂಚಿರಬೇಕು. ಆ ಎರಡು ಪಾಲನ್ನು ಹೋಲಿಸಿದರೆ ಕಳ್ಳ ಸಿಗುತ್ತಾನೆ. ಎಲ್ಲ ಕಲಸಿ ಚಿತ್ರಾನ್ನ ಮಾಡುತ್ತೀಯ ಎಂದು ಅಪ್ಪ ನಕ್ಕರು.

ಏಳನೆಯದು ಏನೆಂದು ತಿಳಿದ ಮೇಲೆ ನಗು ನಿಂತಿತು. ಹೊಸ ಅಚ್ಚು ಕೂರಿಸಿದಾಗಲೆಲ್ಲ ಅದರ ಮುಖಕ್ಕೆ ಮೂರು ಬೆರಳಲ್ಲಿ ಒದ್ದೆ ವಿಭೂತಿ ಎಳೆಯುವುದು ಆ ಮನೆತನದ ಪದ್ಧತಿ.

"ವಿಭೂತೀನೂ ಪರೀಕ್ಷೆ ಮಾಡ್ತೀಯಾ? ನಮ್ ತಾತನ ಕಾಲದಿಂದ ಹಚ್ತಿದೀವಿ."

"ನಿಮ್ ತಾತ ಮಸೀಲಿ ಒತ್ತಿದ್ರು ಅಪ್ಪ, ಫಾಯಿಲಲ್ಲಿ ಅಲ್ಲ. ಇದನ್ನ ಬಿಡೋದಾದ್ರೆ ಉಳಿದಿದ್ದನ್ನೂ ನಾನು ಮಾಡಲ್ಲ."

ಅಪ್ಪ ಬೆನ್ನು ತಿರುಗಿಸಿ ಕೂತರು. ಅವಳೊಬ್ಬಳೇ ಎಂಟೂ ಒತ್ತಿದಳು, ಹೆಬ್ಬೆರಳಲ್ಲಿ ಉಜ್ಜಿದಳು. ಬಿಸಿಯ ಪಾಲು ಕೊಂಚ ಇತ್ತು. ಆದರೆ ವಿಭೂತಿ ಹಚ್ಚಿದ ನಾಲ್ಕರಲ್ಲೂ ಚಿನ್ನ ಬೆರಳಿಗೆ ಬಂತು, ಒರೆಸಿದ ನಾಲ್ಕರಲ್ಲಿ ಕಚ್ಚಿಕೊಂಡು ಕೂತಿತು. ಬೂದಿ ಅಡ್ಡ ಬಂದು ಅಚ್ಚಿನ ಬಿಸಿ ಫಾಯಿಲಿಗೆ ಸರಿಯಾಗಿ ತಟ್ಟುತ್ತಿರಲಿಲ್ಲ. ಎಂಟರ ಲೆಕ್ಕದಲ್ಲಿ ಒಂದರ ತಪ್ಪು ಇನ್ನೊಂದರ ತಲೆಗೆ ಬಂದಿರಬಹುದೆಂದು, ಅಪ್ಪನ ಕಣ್ಣೆದುರೇ, ಬೇರೇನೂ ಬದಲಿಸದೆ, ವಿಭೂತಿ ಹಚ್ಚಿ ಒಮ್ಮೆ, ಒರೆಸಿ ಒಮ್ಮೆ ಒತ್ತಿ ತೋರಿಸಿದಳು. ಅವರು ಎರಡನ್ನೂ ಉಜ್ಜಿ ನೋಡಿ ಕೆಳಗಿಟ್ಟರು. ಅವಳಿಗೆ ಸಂಕಟವಾಯಿತು, ಆದರೂ ತಪ್ಪಾಯಿತು ಎನ್ನಲಿಲ್ಲ.

ಮರುದಿನ ಪೂಜೆ ಮುಗಿಸಿದ ನಂಜುಂಡಯ್ಯ ಬೆರಳಲ್ಲಿ ವಿಭೂತಿ ಹಿಡಿದು ನೆಟ್ಟಗೆ ಅಂದಿನ ಹೊಸ ಅಚ್ಚಿನತ್ತ ನಡೆದರು. ಶಿವರಂಜಿನಿ ಮಿಷನ್ನಿಗೆ ಅಡ್ಡ ನಿಂತಳು.

"ನನ್ ಹಣೆಗೆ ಹಚ್ಚಿ ಅಪ್ಪ. ಅಚ್ಚಿಗೆ ಬಿಡಲ್ಲ."

ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಅವಳ ಹಣೆಗೆ ಬೇಕಾದ್ದಕ್ಕಿಂತ ಜೋರಾಗಿಯೇ ಮೂರು ಗೆರೆ ಎಳೆದು, ಅವರೇ ಹೋಗಿ ಮಿಷನ್ನಿನ ಸ್ವಿಚ್ಚು ಹಾಕಿದರು.